ದೀಪ ಆರಿಸಿ ಕೂತ ಶಿವರಾತ್ರಿ

ಈ ಸಲ ಶಿವರಾತ್ರಿಯೂ ಗೋವಾದ ಹಾಡು-ಕುಣಿತದ ಹಬ್ಬ ಕಾರ್ನಿವಲ್ಲೂ ಒಂದರ ಮೇಲೊಂದು ಬಂದವು. ಶಿವರಾತ್ರಿ ಭಾನುವಾರ. ಕಾರ್ನಿವಲ್ ಮೆರವಣಿಗೆ ಶನಿವಾರ ಪಣಜಿಯಲ್ಲಿ, ಭಾನುವಾರ ಮಡಗಾಂವ್‌ನಲ್ಲಿ, ಸೋಮವಾರ ನಮ್ಮ ವಾಸ್ಕೋದಲ್ಲಿ. ನಮ್ಮ ಬಿಲ್ಡಿಂಗಿನ ಹತ್ತಿರ ಗುರುವಾರದಿಂದಲೇ ಸ್ಪೀಕರ್ ಟೆಸ್ಟಿಂಗ್ ಶುರುವಾಗಿತ್ತು.

ಅತ್ತೆ ಹದಿನೈದು ದಿನ ಇದ್ದು ಹೋಗೋಣ ಅಂತ ರೋಣದ ಕಡೆಯಿಂದ ಬಂದಿದ್ದರು. ಗದಗಿನಲ್ಲಿ ಅಮರಾವತಿ ಎಕ್ಸ್‌ಪ್ರೆಸ್ ಹತ್ತಿ ವಾಸ್ಕೋದಲ್ಲಿ ಇಳಿದರು. ಅವರ ಸಾಮಾನಿನಲ್ಲಿ ಸೀರೆ ಮೂರು, ಖಡಕ್ ರೊಟ್ಟಿ ಅರವತ್ತು. ಊರಲ್ಲಾದರೆ ಶಿವರಾತ್ರಿಗೆ ಗುಡಿಯಲ್ಲಿ ರಾತ್ರಿಯಿಡೀ ಭಜನೆ ಇರುತ್ತದೆ. ಇಲ್ಲಿ ಮೂರನೇ ಮಹಡಿ, ಕೆಳಗೆ ಡಿಜೆ.

"ಈ ಗದ್ದಲದಾಗ ನಾ ಜಾಗರಣಿ ಹೆಂಗ ಮಾಡ್ಲಿ?" ಅಂತ ಕೇಳಿದರು.

ನಮ್ಮವರು ಇದೇ ಮಾತಿಗೆ ಕಾಯುತ್ತಿದ್ದಂತೆ ಅಟ್ಟದ ಮೇಲಿಂದ ಟೆಂಟ್ ಇಳಿಸಿದರು. ಆರು ತಿಂಗಳ ಹಿಂದೆ ಆನ್‌ಲೈನ್‌ನಲ್ಲಿ ಸೇಲ್ ಇದೆ ಅಂತ ತಗೊಂಡಿದ್ದು. ನಾಲ್ಕು ಜನ ಮಲಗುವ ಟೆಂಟ್ ಅಂತ ಡಬ್ಬಿಯ ಮೇಲೆ ಬರೆದಿತ್ತು. ಹನ್ನೊಂದು ವರ್ಷದಿಂದ ಗೋವಾದಲ್ಲಿದ್ದೇವೆ, ಒಂದು ರಾತ್ರಿಯೂ ಸಮುದ್ರದ ಪಕ್ಕ ಮಲಗಿಲ್ಲ. ನೆಂಟರು ಬಂದಾಗ ಸಂಜೆ ಬೀಚಿಗೆ ಹೋಗಿ ಚುರುಮುರಿ ತಿಂದು ಬರೋದು, ಅಷ್ಟೇ ನಮ್ಮ ಸಮುದ್ರ.

ಮರಳಿನ ಮೇಲೆ ಟೆಂಟ್ ಹಾಕಿ ಅಲ್ಲೇ ಒಲೆ ಹೊತ್ತಿಸೋದು ಅಂತ ಅವರ ಪ್ಲಾನ್. ಅದು ಆಗದ ಮಾತು. ಗೋವಾದಲ್ಲಿ ಪ್ರವಾಸಿ ಜಾಗಗಳ ಬಯಲಲ್ಲಿ ಅಡುಗೆ ಮಾಡಿದರೆ ದಂಡ ಇದೆ. 2019ರ ತಿದ್ದುಪಡಿಯಲ್ಲಿ ಅದು ಒಬ್ಬರಿಗೆ 2,000 ರೂಪಾಯಿ, ಗುಂಪಾದರೆ 10,000 ಇತ್ತು. ಬಸ್ಸು ನಿಲ್ಲಿಸಿ ರಸ್ತೆ ಬದಿಯಲ್ಲೇ ಅನ್ನ ಬಸಿದು, ಎಲೆ ಬಿಸಾಕಿ ಹೋಗುವವರ ಕಾಟಕ್ಕೆ ತಂದ ಕಾನೂನು. ಆ ಬಸ್ಸುಗಳಲ್ಲಿ ನಮ್ಮ ಕಡೆಯವೂ ಕಡಿಮೆ ಇರಲಿಲ್ಲ, ಸುಮ್ನೆ ಯಾಕೆ ಮುಚ್ಚಿಡಬೇಕು. ಕೊನೆಗೆ ನಮ್ಮವರ ಆಫೀಸಿನ ಒಬ್ಬರು ದಕ್ಷಿಣ ಗೋವಾದ ಅಗೋಂಡಾದಲ್ಲಿ ಗುರುತಿನವರ ತೆಂಗಿನ ತೋಟ ತೋರಿಸಿದರು. ತೋಟ ದಾಟಿದರೆ ಮರಳು. ಬಾವಿ ನೀರು ಇದೆ, ಹಿತ್ತಲಲ್ಲಿ ಬಚ್ಚಲು ಮತ್ತು ಕಕ್ಕಸು ಇದೆ. ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಸಮುದ್ರದ ನೋಟಕ್ಕಿಂತ ಮೊದಲು ಕಕ್ಕಸು ಎಷ್ಟು ದೂರ ಅಂತ ಕೇಳಬೇಕು.

ಶನಿವಾರ

ವಾಸ್ಕೋದಿಂದ ಮಡಗಾಂವ್, ಅಲ್ಲಿಂದ ಕಾರವಾರದ ಕಡೆಗೆ ಹೋಗುವ 66ನೇ ಹೆದ್ದಾರಿ. ಕುಂಕಳ್ಳಿ, ಬಾಳ್ಳಿ ದಾಟಿದ ಮೇಲೆ ಕರ್ಮಲ್ ಘಾಟ್. ನಮ್ಮ ಮಗ ಪುಟ್ಟ ಆ ತಿರುವುಗಳಲ್ಲಿ ಎರಡು ಸಲ ವಾಂತಿ ಮಾಡಿಕೊಂಡ. ಅವನಿಗೆ ಐದು ವರ್ಷ. ಅಕ್ಕನಿಗೆ ಒಂಬತ್ತು, ಅವಳು ಮೂಗು ಮುಚ್ಚಿಕೊಂಡು ಕೂತಳು. ಘಾಟ್ ಇಳಿದು, ಹೆದ್ದಾರಿ ಬಿಟ್ಟು ಬಲಕ್ಕೆ ತಿರುಗಿದರೆ ಅಗೋಂಡಾ ದಾರಿ. ನಾಲ್ಕು ಗಂಟೆಗೆ ತಲುಪಿದೆವು.

ತೋಟದ ಯಜಮಾನಿ, ಎಲ್ಲರೂ 'ಬಾಯಿ' ಅಂತ ಕರೆಯುವವರು, ನಮ್ಮ ಕಾರಿನ ಕೆಎ ನಂಬರ್ ನೋಡಿ ಕನ್ನಡದಲ್ಲೇ ಮಾತಾಡಿಸಿದರು. ಹನ್ನೊಂದು ವರ್ಷವಾದರೂ ಆ ನಂಬರ್ ಯಾಕೆ ಬದಲಾಯಿಸಿಲ್ಲ ಅಂತ ಮಾತ್ರ ಕೇಳಬೇಡಿ. ಬಾಯಿಯ ತವರು ಕಾರವಾರವಂತೆ. ಮಾತು ಅರ್ಧ ಕೊಂಕಣಿ, ಅರ್ಧ ಕನ್ನಡ. ಅತ್ತೆಗೆ ಕಾರವಾರದ ಕನ್ನಡ ಅರ್ಧ ತಿಳಿಯಿತು, ಬಾಯಿಗೆ ರೋಣದ ಕನ್ನಡ ಅರ್ಧ ತಿಳಿಯಿತು. ಹತ್ತೇ ನಿಮಿಷದಲ್ಲಿ ಇಬ್ಬರೂ ಮೊಣಕಾಲು ನೋವಿನ ವಿಷಯಕ್ಕೆ ಬಂದಿದ್ದರು.

ನಮ್ಮವರು ಒಳ್ಳೆ ನೆರಳು ಹುಡುಕಿ ಟೆಂಟ್ ಹರವಿದರು. ಬಾಯಿ ಅಂಗಳದಿಂದಲೇ ಕೂಗಿದರು. "ಅಲ್ಲಿ ಬೇಡ. ಮೇಲೆ ನೋಡಿ ಸ್ವಲ್ಪ."

ಮೇಲೆ ನೋಡಿದೆವು. ನೆತ್ತಿಯ ನೇರಕ್ಕೆ ಎರಡು ಗೊನೆ ಕಾಯಿ, ಒಣಗಿ ಜೋತುಬಿದ್ದ ಒಂದು ಗರಿ. ತೆಂಗಿನ ತೋಟದಲ್ಲಿ ಮಲಗುವವರು ನೆಲ ನೋಡುವ ಮೊದಲು ಮರದ ತಲೆ ನೋಡಬೇಕಂತೆ. ಆಮೇಲೆ ಸಾಲು ತಪ್ಪಿದ್ದ ಬಯಲು ಜಾಗ ಸಿಕ್ಕಿತು. ಅಲ್ಲಿ ನೆಲವೆಲ್ಲ ಮರಳು. ಟೆಂಟಿನ ಜೊತೆ ಬಂದ ಕಬ್ಬಿಣದ ಗೂಟಗಳು ಬೆರಳಷ್ಟು ದಪ್ಪ, ಗೇಣುದ್ದ. ಬಡಿದರೆ ಬೆಣ್ಣೆಗೆ ಚಾಕು ಇಳಿದಂತೆ ಇಳಿಯುತ್ತಿದ್ದವು, ಎಳೆದರೆ ಅಷ್ಟೇ ಸಲೀಸಾಗಿ ಬರುತ್ತಿದ್ದವು. ಗಾಳಿ ಒಂದು ಸಲ ಬೀಸಿದ್ದೇ ತಡ, ಟೆಂಟ್ ಎದ್ದು ಬಾವಿ ಕಡೆ ಹೊರಟಿತು. ಅದರ ಹಿಂದೆ ನಮ್ಮವರು, ಅವರ ಹಿಂದೆ ಪುಟ್ಟ.

ಬಾಯಿಯ ಮಗ ಬಂದು ದಾರಿ ತೋರಿಸಿದ. ತೆಂಗಿನ ಗರಿಯ ದಪ್ಪ ಬುಡವನ್ನು ಮೊಳದುದ್ದ ಕಡಿದ. ಮರಳಲ್ಲಿ ಮೊಣಕೈ ಆಳದ ಗುಂಡಿ ತೋಡಿದ. ಹಗ್ಗವನ್ನು ಆ ತುಂಡಿನ ನಡುವಿಗೆ ಕಟ್ಟಿ, ತುಂಡನ್ನು ಅಡ್ಡ ಮಲಗಿಸಿ ಹೂತ. ಮೇಲೆ ಮರಳು ಎಳೆದು ಕಾಲಿಂದ ತುಳಿದ. "ನಿಲ್ಲಿಸಿದ್ರೆ ಬರ್ತದೆ, ಮಲಗಿಸಿದ್ರೆ ಬರೂದಿಲ್ಲ" ಅಂದ. ಇಡೀ ಪ್ರವಾಸದಲ್ಲಿ ಆ ಟೆಂಟ್ ಮತ್ತೆ ಅಲುಗಲಿಲ್ಲ. ಗೂಟಗಳು ಚೀಲದಲ್ಲೇ ಉಳಿದವು.

ಅಗೋಂಡಾ ಬೀಚ್ ಮೂರು ಕಿಲೋಮೀಟರ್ ಸುಮಾರು ಉದ್ದ. ನೋಡಲು ತುಂಬಾ ಶಾಂತ, ಆದರೆ ನೀರು ಬೇಗ ಆಳವಾಗುತ್ತದೆ. ಅಲೆ ಕಾಲನ್ನು ಒಳಕ್ಕೆ ಎಳೆಯುತ್ತದೆ. ಮಕ್ಕಳನ್ನು ಇಲ್ಲಿ ಮೊಣಕಾಲಿಗಿಂತ ಮುಂದೆ ಬಿಡಬೇಡಿ ಅಂತ ಬಾಯಿ ಹೇಳಿದ್ದರು. ಈಜಬೇಕಾದರೆ ನಾಳೆ ಹತ್ತಿರದ ಪಾಲೋಲೆಂ ಬೀಚಿಗೆ ಅಂತ ಮಕ್ಕಳಿಗೆ ಆಸೆ ತೋರಿಸಿ, ಬಕೆಟ್ ಹಿಡಿದು ಗುಡ್ಡ, ಕೋಟೆ ಕಟ್ಟಿಸಿದ್ದಾಯಿತು. ಆಗ ನೀರು ದೂರ ಇತ್ತು. ಅತ್ತೆ ಮರಳಲ್ಲಿ ಕೂತು ನೋಡಿದರು, ನೋಡಿದರು, ಆಮೇಲೆ ಹೇಳಿದರು. "ಇಷ್ಟು ನೀರು. ಒಂದು ಬೊಗಸಿ ಕುಡಿಯಾಕ ಬರಂಗಿಲ್ಲ."

ರೋಣದ ಕಡೆಯವರು ಸಮುದ್ರ ನೋಡಿದಾಗ ಮೊದಲು ಹೊಳೆಯುವುದು ಇದೇ.

ಬೀಚಿನ ಒಂದು ಕಡೆ ಬಲೆ ಸುತ್ತಿದ ಬೇಲಿ ಇತ್ತು. ಅರಣ್ಯ ಇಲಾಖೆಯವರು ಆಮೆ ಮೊಟ್ಟೆ ಕಾಯುವ ಜಾಗ. ಆಲಿವ್ ರಿಡ್ಲೆ ಅನ್ನುವ ಕಡಲಾಮೆಗಳು ಚಳಿಗಾಲದಲ್ಲಿ ರಾತ್ರಿ ದಡಕ್ಕೆ ಬಂದು ಮರಳಲ್ಲಿ ಮೊಟ್ಟೆ ಇಡುತ್ತವೆ. ಒಂದೊಂದು ಗೂಡಿಗೆ ನೂರರ ಆಸುಪಾಸು. ಗೂಡಿನ ಮೇಲೆ ಸಣ್ಣ ಫಲಕ, ಅದರಲ್ಲಿ ತಾರೀಖು, ಮೊಟ್ಟೆ ಎಷ್ಟು ಅಂತ. ಮರಿ ಹೊರಬರಲು 45ರಿಂದ 60 ದಿನ ಬೇಕು. ಮರಳು ಜಾಸ್ತಿ ಬಿಸಿಯಿದ್ದರೆ ಹೆಣ್ಣು ಮರಿ, ತಂಪಿದ್ದರೆ ಗಂಡು. ದೊಡ್ಡವಳು ಬೆರಳಲ್ಲಿ ಲೆಕ್ಕ ಹಾಕಿ, ಬಂದಿರೋ ಯಾವ ಗೂಡೂ ನಾವಿರುವಾಗ ಒಡೆಯಲ್ಲ ಅಂತ ಮುಖ ಸಣ್ಣ ಮಾಡಿದಳು. ರಾತ್ರಿ ಬೆಳಕು ಹಾಕಬೇಡಿ, ಗದ್ದಲ ಮಾಡಬೇಡಿ ಅಂತ ಪಕ್ಕದಲ್ಲೇ ಬೋರ್ಡ್ ಇತ್ತು. ಓದಿದೆವು. ಓದಿದ್ದು ತಲೆಗೆ ಹೋಗಿರಲಿಲ್ಲ.

ಯಾಕೆಂದರೆ ಆ ರಾತ್ರಿ ಪುಟ್ಟನ ಹಟಕ್ಕೆ ತೋಟದ ಅಂಚಿಗೆ, ಸಮುದ್ರದ ಕಡೆಗೇ, ದೀಪಾವಳಿಯ ಮಾಲೆ ದೀಪ ಕಟ್ಟಿದೆವು. ಬ್ಯಾಟರಿಯದ್ದು, ಬೆಳ್ಳಗೆ ಮಿನುಗುವಂಥದ್ದು. ಜೊತೆಗೊಂದು ದೊಡ್ಡ ಎಲ್‌ಇಡಿ ಲಾಟೀನು. ಫೋಟೋದಲ್ಲಿ ತುಂಬಾ ಚಂದ ಬಂದಿದೆ. ಅದರ ಬೆಳಕಲ್ಲಿ ರೊಟ್ಟಿ, ಶೇಂಗಾ ಹಿಂಡಿ, ಕೆನೆ ಮೊಸರು, ಬಾಯಿ ಕೊಟ್ಟ ಬಿಸಿ ಅನ್ನ. ರೊಟ್ಟಿ ಮುರಿದರೆ ಸದ್ದೇ ಬರಲಿಲ್ಲ. ಕಡಲ ಗಾಳಿಗೆ ಖಡಕ್ ರೊಟ್ಟಿ ಮೆತ್ತಗಾಗಿ ಚಪಾತಿಯಂತೆ ಬಾಗುತ್ತಿತ್ತು. ಅತ್ತೆ ಒಂದನ್ನು ಎತ್ತಿ ಹಿಡಿದು, ಅದು ಜೋತುಬಿದ್ದದ್ದನ್ನು ನೋಡಿ, ಏನೂ ಹೇಳದೆ ಕೆಳಗಿಟ್ಟರು. ಅರವತ್ತು ರೊಟ್ಟಿ ಬಡಿದ ಕೈ ಅದು.

ಒಂಬತ್ತೂವರೆ ಹೊತ್ತಿಗೆ ದೊಡ್ಡವಳು ಓಡಿ ಬಂದಳು. ಕೋಟೆಯೂ ಇಲ್ಲ, ಬಕೆಟೂ ಇಲ್ಲ, ಅಪ್ಪನ ಚಪ್ಪಲಿಯೂ ಇಲ್ಲ. ಸಂಜೆ ಅಷ್ಟು ದೂರ ಇದ್ದ ನೀರು ತೋಟದ ಅಂಚಿನ ಬಳ್ಳಿಯವರೆಗೆ ಬಂದಿತ್ತು. ಅಮಾವಾಸ್ಯೆ ಎದುರಿಗಿತ್ತಲ್ಲ. ಅಮಾವಾಸ್ಯೆ ಹುಣ್ಣಿಮೆ ಹತ್ತಿರ ಬಂದರೆ ಉಬ್ಬರ ಜಾಸ್ತಿ ಏರುತ್ತದೆ, ಇಳಿತವೂ ಅಷ್ಟೇ ಜಾಸ್ತಿ ಇಳಿಯುತ್ತದೆ. ದಿನಕ್ಕೆ ಎರಡು ಸಲ ಏರು, ಎರಡು ಸಲ ಇಳಿತ, ದಿನದಿಂದ ದಿನಕ್ಕೆ ಮುಕ್ಕಾಲು ಗಂಟೆಯ ಸುಮಾರು ತಡ. ಈ ಲೆಕ್ಕ ಬಾಯಿಗೆ ಗಡಿಯಾರವಿಲ್ಲದೆ ಗೊತ್ತು. ನಮಗೆ ಒಂದು ಜೋಡಿ ಚಪ್ಪಲಿ ಕೊಟ್ಟು ಗೊತ್ತಾಯಿತು.

ಸೊಳ್ಳೆ ಬರುತ್ತದೆ ಅಂತ ಟೆಂಟಿನ ಎಲ್ಲ ಜಿಪ್ ಎಳೆದು ಮಲಗಿದೆವು. ಅತ್ತೆ ಮಾತ್ರ ಬಾಯಿಯ ಜಗಲಿಯಲ್ಲಿ. ನಡುರಾತ್ರಿ ಮುಖದ ಮೇಲೆ ಹನಿ ಬಿತ್ತು. ಫೆಬ್ರವರಿಯಲ್ಲಿ ಮಳೆಯಾ ಅಂತ ಎದ್ದೆ. ಹೊರಗೆ ನಕ್ಷತ್ರ. ನಾಲ್ಕು ಜನರ ಉಸಿರಿನ ಹಬೆ ತಂಪು ಬಟ್ಟೆಗೆ ತಾಗಿ ನೀರಾಗಿ ನಮ್ಮ ಮೇಲೇ ಸುರಿಯುತ್ತಿತ್ತು. ಕಿಟಕಿಯ ಹೊದಿಕೆ ಸುತ್ತಿ ಮೇಲೆ ಕಟ್ಟಿ, ಬಲೆ ಮಾತ್ರ ಬಿಟ್ಟ ಮೇಲೆ ನಿಂತಿತು. ಆಗಲೇ ನೆನಪಾಗಿ ಹೊರಗೆ ಬಂದು ಮಾಲೆ ದೀಪ ಆರಿಸಿದೆ. ಮೊಬೈಲಿನಲ್ಲಿ ಒಂದೂ ಹತ್ತು.

ಭಾನುವಾರ, ಶಿವರಾತ್ರಿ

ಅತ್ತೆ ನಸುಕಿಗೇ ಬಾವಿಯ ತಣ್ಣೀರು ಮಿಂದು, ಲಿಂಗಪೂಜೆ ಮುಗಿಸಿ, ಒಬ್ಬರೇ ಮರಳಿಗೆ ಹೋಗಿದ್ದರು. ಆರೂವರೆಗೆ ಬಂದು ನನ್ನನ್ನು ಎಬ್ಬಿಸಿದರು.

"ಯವ್ವಾ, ರಾತ್ರಿ ಇಲ್ಲಿ ಟ್ರ್ಯಾಕ್ಟರ್ ಬಂದಿತ್ತೇನು?"

ಟ್ರ್ಯಾಕ್ಟರ್ ಇಲ್ಲಿಗೆ ಹೇಗೆ ಬರುತ್ತದೆ ಅಂತ ಕಣ್ಣುಜ್ಜುತ್ತ ಹೋದೆ. ನಮ್ಮ ತೋಟದಿಂದ ಐವತ್ತು ಹೆಜ್ಜೆ ದೂರದಲ್ಲಿ, ಒದ್ದೆ ಮರಳು ಮುಗಿದು ಒಣ ಮರಳು ಶುರುವಾಗುವಲ್ಲಿ, ಗಾಲಿಯ ಅಚ್ಚಿನಂಥ ಗುರುತು. ಎರಡೂ ಕಡೆ ಅರ್ಧಚಂದ್ರದಂಥ ಗೀರುಗಳು, ಒಂದು ಎಡಕ್ಕೆ, ಒಂದು ಬಲಕ್ಕೆ, ಹೆಜ್ಜೆ ತಪ್ಪದೆ. ನಡುವೆ ಹೊಟ್ಟೆ ಎಳೆದ ನುಣುಪು. ನನ್ನ ಮೊಳದಲ್ಲಿ ಅಳೆದೆ, ಎರಡು ಮೊಳಕ್ಕೆ ಸ್ವಲ್ಪ ಕಡಿಮೆ ಅಗಲ. ಸಮುದ್ರದಿಂದ ನೇರ ಮೇಲೆ ಬಂದಿತ್ತು. ಬಳ್ಳಿಯ ಹತ್ತಿರ ಬಂದು, ನಮ್ಮ ತೋಟದ ಕಡೆ ಮುಖ ಮಾಡಿದ ಹಾಗೆ ಸ್ವಲ್ಪ ತಿರುಗಿ, ಅಗಲವಾಗಿ ಬಾಗಿ, ವಾಪಸ್ ನೀರಿಗೆ ಹೋಗಿತ್ತು. ಕುದುರೆ ಲಾಳದ ಆಕಾರ. ಎಲ್ಲೂ ಮರಳು ಕೆದರಿದ ಗುರುತಿಲ್ಲ.

ಕಾವಲಿನ ಹುಡುಗ ಆಗಲೇ ಬಂದು ನೋಡುತ್ತಿದ್ದ. ಬಾಯಿಯ ಮಗ ನಮಗೆ ಬಿಡಿಸಿ ಹೇಳಿದ. ತಾಯಿ ಆಮೆ ಬಂದಿತ್ತು. ಮೊಟ್ಟೆ ಇಡದೆ ತಿರುಗಿ ಹೋಗಿದೆ. ಹೀಗೆ ಆಗುವುದುಂಟು. ನಾಯಿ ಓಡಾಡಿದರೂ ಹೋಗುತ್ತದೆ, ಮರಳು ಹಿಡಿಸದಿದ್ದರೂ ಹೋಗುತ್ತದೆ, ಜನ ಕಂಡರೂ, ಬೆಳಕು ಕಂಡರೂ. ಇವತ್ತೋ ನಾಳೆಯೋ ಇಲ್ಲೇ ಎಲ್ಲಾದರೂ ಮತ್ತೆ ಬರಬಹುದು. ಕಾವಲಿನ ಹುಡುಗ ಕೊಂಕಣಿಯಲ್ಲಿ ಏನೋ ಕೇಳಿದ. ಬಾಯಿಯ ಮಗ ನಮ್ಮ ತೋಟದ ಅಂಚು ನೋಡಿದ, ಆಮೇಲೆ ನೆಲ ನೋಡಿದ. ಅವನು ಅದನ್ನು ಅನುವಾದ ಮಾಡಲಿಲ್ಲ. ಬೇಕಾಗಿರಲಿಲ್ಲ.

ನಮ್ಮವರು ಹೋಗಿ ಮಾಲೆ ದೀಪ ಬಿಚ್ಚಿ ಕಾರಿನ ಡಿಕ್ಕಿಯಲ್ಲಿ ಹಾಕಿದರು. ಅದು ನಮ್ಮಿಂದಲೇ ಆಯಿತು ಅನ್ನಲು ಆಧಾರವಿಲ್ಲ, ನಮ್ಮಿಂದ ಅಲ್ಲ ಅನ್ನಲೂ ಇಲ್ಲ. ದೊಡ್ಡವಳು ಮಾತ್ರ ತಮ್ಮನ ಮೇಲೆ ಅಪವಾದ ಹೊರಿಸಿ ನಿರಾಳವಾದಳು. ಅತ್ತೆ ಆ ಬಾಗಿನ ಹತ್ತಿರ ತುಂಬಾ ಹೊತ್ತು ಕುಕ್ಕರಗಾಲಲ್ಲಿ ಕೂತಿದ್ದರು. "ಹೊಟ್ಟೀಲಿದ್ದಾಕಿ ಬಾಗಿಲ ತನಕ ಬಂದು ಹೊಳ್ಳಿ ಹೋದಳಲ್ಲ" ಅಂದರು.

ಹತ್ತಕ್ಕೆ ಶ್ರೀಸ್ಥಳದ ಮಲ್ಲಿಕಾರ್ಜುನ ಗುಡಿಗೆ ಹೋದೆವು. ಕಾಣಕೋಣದ ಪೇಟೆ ಚಾವಡಿಯಿಂದ ಹತ್ತಿರ. ಕೆತ್ತನೆಯ ಮರದ ಕಂಬಗಳಿರುವ ಹಳೆ ಗುಡಿ. ಶಿವರಾತ್ರಿಯ ಸಾಲು ದೊಡ್ಡದಿತ್ತು. ಮಲ್ಲಿಕಾರ್ಜುನ ಅಂದ ಕೂಡಲೇ ಅತ್ತೆಗೆ ಶ್ರೀಶೈಲ. ಅಷ್ಟು ದೂರದ ದೇವರು ಇಲ್ಲಿ ಕೊಂಕಣಿಯವರ ಮನೆದೇವರಾಗಿ ಕೂತಿದ್ದು ಅವರಿಗೆ ಬಹಳ ಖುಷಿ ಕೊಟ್ಟಿತು. ಇಲ್ಲಿ ಶೀಸಾರಾನ್ನಿ ಅಂತ ಒಂದು ಹಬ್ಬ ಇದೆ. ಮೂವರ ತಲೆಗಳನ್ನೇ ಒಲೆಯ ಗುಂಡು ಮಾಡಿ, ಅದರ ಮೇಲೆ ಗಡಿಗೆಯಿಟ್ಟು ಬೆಂಕಿ ಹಾಕಿ ಅನ್ನ ಬೇಯಿಸುತ್ತಾರೆ. ಪ್ರತಿ ವರ್ಷ ಇರುವುದಿಲ್ಲ. ಪುಟ್ಟ ಇದನ್ನು ಕೇಳಿದ ಮೇಲೆ ಇಡೀ ದಿನ ತಲೆ ಮುಟ್ಟಿಕೊಂಡು ಓಡಾಡಿದ.

ಮಧ್ಯಾಹ್ನ ಮೂರಕ್ಕೆ ಪಾಲೋಲೆಂ. ಅಗೋಂಡಾದಿಂದ ಅರ್ಧ ಗಂಟೆಯೂ ಇಲ್ಲ. ಅರ್ಧಚಂದ್ರದಂತೆ ಬಾಗಿದ ದಡ, ಎರಡೂ ತುದಿಯಲ್ಲಿ ಬಂಡೆ, ಅದಕ್ಕೇ ಒಳಗಿನ ನೀರು ಕೆರೆಯ ಹಾಗೆ. ಮಕ್ಕಳಿರುವವರಿಗೆ ದಕ್ಷಿಣ ಗೋವಾದಲ್ಲಿ ಇದಕ್ಕಿಂತ ಒಳ್ಳೆ ನೀರು ನನಗಂತೂ ಗೊತ್ತಿಲ್ಲ. ಜನ ಮಾತ್ರ ಜಾಸ್ತಿ, ಶ್ಯಾಕ್ ಅನ್ನುವ ದಡದ ಹೋಟೆಲುಗಳ ಹಾಡು ಜಾಸ್ತಿ, ಡಾಲ್ಫಿನ್ ತೋರಿಸ್ತೀವಿ ಬನ್ನಿ ಅನ್ನುವ ದೋಣಿಯವರು ಅದಕ್ಕಿಂತ ಜಾಸ್ತಿ. ಕೆಂಪು ಹಳದಿ ಬಾವುಟಗಳ ನಡುವೆ ಇಳಿಯಬಹುದು, ಬರೀ ಕೆಂಪು ಇದ್ದರೆ ಇಳಿಯಬಾರದು. ಜೀವರಕ್ಷಕರು ಬೆಳಗ್ಗೆ ಏಳೂವರೆಯಿಂದ ಸಂಜೆ ಆರರವರೆಗೆ ಇರುತ್ತಾರೆ. ಆಮೇಲೆ ನೀರಿಗೆ ಇಳಿಯುವುದು ಬೇಡವೇ ಬೇಡ.

ಇಳಿತ ಪೂರ್ತಿಯಾಗಿದ್ದ ಹೊತ್ತು. ಬೀಚಿನ ಉತ್ತರ ತುದಿಯಲ್ಲಿ ಒಂದು ಹಸಿರು ನಡುಗಡ್ಡೆ ಇದೆ, ಇಳಿತದಲ್ಲಿ ಅದಕ್ಕೆ ನಡೆದೇ ಹೋಗಬಹುದು. ನಾನು, ನಮ್ಮವರು, ದೊಡ್ಡವಳು ಹೊರಟೆವು. ನೀರು ನನ್ನ ಮೊಣಕಾಲಿಗೆ, ಅವಳ ತೊಡೆಗೆ. ಬಂಡೆಗೆ ಅಂಟಿದ ಚಿಪ್ಪುಗಳು ಬ್ಲೇಡಿನ ಹಾಗೆ, ಬರಿಗಾಲಲ್ಲಿ ಹೋಗಬೇಡಿ. ನಮ್ಮವರು ಬರಿಗಾಲಲ್ಲೇ ಇದ್ದರು, ಕಾರಣ ಮೇಲೆ ಹೇಳಿದ್ದೇನೆ. ಆಚೆ ಹತ್ತು ನಿಮಿಷ ನಿಂತಿರಬೇಕು, ದಡದಿಂದ ಸೀಟಿ ಕೇಳಿಸಿತು. ಕೈಯಾಡಿಸಿ ವಾಪಸ್ ಕರೆಯುತ್ತಿದ್ದರು. ಬರುವಾಗ ಅದೇ ಜಾಗದಲ್ಲಿ ನೀರು ಅವಳ ಸೊಂಟಕ್ಕೆ ಬಂದಿತ್ತು. ಗಾಬರಿಯಾಗುವಂಥದ್ದೇನಲ್ಲ, ಆದರೆ ನಾನು ಅವಳ ಕೈ ಹಿಡಿದದ್ದು ಸ್ವಲ್ಪ ಜೋರಾಗಿಯೇ ಇತ್ತು.

ದಡದಲ್ಲಿ ಅತ್ತೆ, ಪುಟ್ಟ ಇಬ್ಬರೂ ಬಗ್ಗಿ ಕೂತು ಒದ್ದೆ ಮರಳು ನೋಡುತ್ತಿದ್ದರು. ಕಡಲೆ ಕಾಳಿಗಿಂತ ಸಣ್ಣ ಏಡಿಗಳು. ಒಂದೊಂದಕ್ಕೂ ಒಂದು ತೂತು. ಏಡಿ ತೂತಿನಿಂದ ಹೊರಬಂದು, ಮರಳನ್ನು ಬಾಯಿಗೆ ಹಾಕಿ, ತಿನ್ನುವುದನ್ನು ತಿಂದು, ಉಳಿದದ್ದನ್ನು ಗುಂಡಗೆ ಉಂಡೆ ಮಾಡಿ ಹಿಂದಕ್ಕೆ ದೂಡುತ್ತದೆ. ಮತ್ತೊಂದು, ಮತ್ತೊಂದು. ತೂತಿನ ಸುತ್ತ ಎಳೆ ಎಳೆಯಾಗಿ ಸಾವಿರಾರು ಉಂಡೆ, ರಂಗೋಲಿ ಇಟ್ಟಂತೆ. ನಮ್ಮ ನೆರಳು ಬಿದ್ದರೆ ಎಲ್ಲ ಒಂದೇ ಸಲ ಮಾಯ. ಉಸಿರು ಹಿಡಿದು ಕೂತರೆ ಒಂದೊಂದಾಗಿ ಬರುತ್ತವೆ. ಬೆಳಗ್ಗಿಂದ ಉಪವಾಸ ಇದ್ದ ಅತ್ತೆ ಹೇಳಿದರು. "ಥೇಟ್ ಸಾಬೂದಾಣಿ."

ನಮಗೆಲ್ಲ ಹಸಿವಾದದ್ದು ಆಗಲೇ. ತೋಟಕ್ಕೆ ಬಂದು, ಹಿತ್ತಲಲ್ಲಿ ಸಣ್ಣ ಗ್ಯಾಸ್ ಹಚ್ಚಿ ಸಾಬೂದಾಣಿ ಮಾಡಿದೆ. ಖರ್ಜೂರ, ಬಾಳೆಹಣ್ಣು, ದಾರಿಯಲ್ಲಿ ತಂದ ಕಲ್ಲಂಗಡಿ. ಬಾಯಿಯೂ ಉಪವಾಸ, ನಮ್ಮ ಜೊತೆಗೇ ಕೂತರು.

ರಾತ್ರಿಯ ಪ್ರಶ್ನೆ ದೀಪದ್ದು. ಶಿವರಾತ್ರಿಗೆ ರಾತ್ರಿಯಿಡೀ ದೀಪ ಆರಬಾರದು ಅನ್ನುವುದು ಅತ್ತೆಯ ಊರಿನ ರೂಢಿ. ಎಣ್ಣೆ, ಬತ್ತಿ, ಹಿತ್ತಾಳೆ ಹಣತೆ ಎಲ್ಲ ಊರಿಂದಲೇ ತಂದಿದ್ದರು. ಮರಳಲ್ಲಿ ಸಮುದ್ರಕ್ಕೆ ಮುಖ ಮಾಡಿ ಜಾಗರಣೆ ಕೂರಬೇಕು ಅನ್ನುವ ಆಸೆಯೂ ಅವರದ್ದೇ. ಬೇಡ ಅಂತ ನಾನು ಹೇಳಲಾರೆ. ಸೊಸೆ ಹೇಳುವ ಮಾತಲ್ಲ ಅದು. ನಮ್ಮವರು ಹೇಳಲಿ ಅಂತ ನಾನು, ನಾನು ಹೇಳಲಿ ಅಂತ ಅವರು. ಅಷ್ಟರಲ್ಲಿ ಅತ್ತೆಯೇ ಹಣತೆ ಎತ್ತಿಕೊಂಡು ಬಾಯಿಯ ಮನೆಯೊಳಗೆ ಹೋದರು. ದೇವರ ಗೂಡಿನಲ್ಲಿಟ್ಟು ಹಚ್ಚಿ, ಕಿಟಕಿ ಮುಚ್ಚಿ, ಕದ ಎಳೆದು ಹೊರಗೆ ಬಂದರು. ಬರಿಗೈಯಲ್ಲಿ ಮರಳ ಕಡೆ ನಡೆದರು.

"ಕತ್ತಲಾಗ ಪೂಜೆ ಹೆಂಗ ಮಾಡ್ತಿ?" ಅಂತ ನಮ್ಮವರು ಕೇಳಿದರು.

"ಲಿಂಗ ಅಂಗೈಯಾಗ ಐತಿ. ಕಾಣಾಕ ಬೆಳಕ್ಯಾಕೋ?"

ಅಮಾವಾಸ್ಯೆ ಹತ್ತಿರದ ಕತ್ತಲು ಅಂದರೆ ಕತ್ತಲು. ಮೊದಲ ಅರ್ಧ ಗಂಟೆ ಪಕ್ಕದಲ್ಲಿ ಯಾರು ಕೂತಿದ್ದಾರೆ ಅಂತ ಕೆಮ್ಮಿನ ಮೇಲೆ ಗುರುತು ಹಿಡಿಯಬೇಕಿತ್ತು. ಆಮೇಲೆ ಕಣ್ಣು ಹೊಂದಿಕೊಂಡಿತು. ನೊರೆಯ ಬಿಳಿ ಗೆರೆ ಕಾಣಿಸಿತು. ಮರಳೇ ಸ್ವಲ್ಪ ಬೆಳಕು ಇಟ್ಟುಕೊಂಡಂತೆ ಇತ್ತು. ಮೊಬೈಲುಗಳನ್ನು ಟೆಂಟಿನಲ್ಲಿ ಬಿಟ್ಟಿದ್ದೆವು. ಅತ್ತೆ ಮಕ್ಕಳಿಗೆ ಬೇಡನ ಕಥೆ ಹೇಳಿದರು. ಹುಲಿಗೆ ಹೆದರಿ ಬಿಲ್ವದ ಮರ ಹತ್ತಿದ ಬೇಡ, ನಿದ್ದೆ ಬರಬಾರದು ಅಂತ ರಾತ್ರಿಯಿಡೀ ಒಂದೊಂದೇ ಎಲೆ ಕಿತ್ತು ಕೆಳಗೆ ಹಾಕಿದ್ದು, ಕೆಳಗೆ ಲಿಂಗ ಇದ್ದದ್ದು ಅವನಿಗೇ ಗೊತ್ತಿಲ್ಲದ್ದು.

"ಅಜ್ಜಿ, ಬೇಡನ ಹತ್ರ ಟಾರ್ಚ್ ಇತ್ತಾ?" ಅಂತ ಪುಟ್ಟ ಕೇಳಿದ.

"ಇದ್ದಿದ್ರ ಹುಲಿ ಓಡಿಹೋಗ್ತಿತ್ತು. ಆಮೇಲೆ ಕಥಿ ಎಲ್ಲಿಂದ ಬರ್ಬೇಕು?"

ಹತ್ತು ಗಂಟೆಗೆ ಇಬ್ಬರೂ ಮಕ್ಕಳು ಮಲಗಿದರು. ಹನ್ನೊಂದಕ್ಕೆ ನಮ್ಮವರು. ಹನ್ನೆರಡರ ಮೇಲೆ ನಾನೂ ತೂಕಡಿಸಿದೆ. ಎಚ್ಚರಾದಾಗಲೆಲ್ಲ ಅತ್ತೆ ಹಾಗೇ ಕೂತಿದ್ದರು, ಎಡಗೈ ಅಂಗೈ ಎದೆಯ ಮಟ್ಟಕ್ಕೆ ಹಿಡಿದು, ಸಣ್ಣ ದನಿಯಲ್ಲಿ ಏನೋ ಹೇಳಿಕೊಳ್ಳುತ್ತ. ನಡುವೆ ಒಮ್ಮೆ ಕಾವಲಿನ ಹುಡುಗ ಟಾರ್ಚಿಗೆ ಕೆಂಪು ಹಾಳೆ ಸುತ್ತಿಕೊಂಡು ಹಾದು ಹೋದ. ಅತ್ತೆಯನ್ನು ಕಂಡು ಬೆಳಕು ನೆಲಕ್ಕೆ ಇಳಿಸಿದ. ಅತ್ತೆ ತಲೆಯಾಡಿಸಿದ್ದು ಅವನಿಗೆ ಕಂಡಿರಲಿಕ್ಕಿಲ್ಲ.

ಆಮೆ ಬರಲಿಲ್ಲ.

ಸೋಮವಾರ

ಬೆಳಗ್ಗೆ ಏಳಕ್ಕೆ ಗದ್ದಲಕ್ಕೆ ಎದ್ದೆವು. ರಂಪಣಿ ಎಳೆಯುತ್ತಿದ್ದರು. ಕಾರವಾರದ ಕಡೆ ನೋಡಿದವರಿಗೆ ಗೊತ್ತು. ದೋಣಿಯಲ್ಲಿ ಬಲೆ ತಗೊಂಡು ಹೋಗಿ ಸಮುದ್ರದಲ್ಲಿ ದೊಡ್ಡ ಕಮಾನಿನಂತೆ ಬಿಟ್ಟು, ಎರಡೂ ತುದಿಯ ಹಗ್ಗ ದಡಕ್ಕೆ ತರುತ್ತಾರೆ. ಎರಡು ಕಡೆ ಎರಡು ಸಾಲು ಜನ, ಹಿಮ್ಮುಖವಾಗಿ ನಡೆಯುತ್ತ ಎಳೆಯುವುದು. ಯಾರು ಬೇಕಾದರೂ ಕೈ ಹಾಕಬಹುದು. ನಮ್ಮವರು ಹಾಕಿದರು, ಮಕ್ಕಳೂ ಹಾಕಿದರು. ಮುಕ್ಕಾಲು ಗಂಟೆ. ಅಂಗೈ ಕೆಂಪಾಯಿತು. ಕೊನೆಗೆ ಬಲೆಯ ಹೊಟ್ಟೆ ದಡಕ್ಕೆ ಬಂದಾಗ ಬೆಳ್ಳಿ ನಾಣ್ಯ ಸುರಿದ ಹಾಗೆ ಬಂಗುಡೆ ಹೊರಳಾಡುತ್ತಿದ್ದವು. ದೊಡ್ಡವಳು ಮೊದಲು ಕುಣಿದಳು, ಆಮೇಲೆ ಒಂದರ ಬಾಯಿ ತೆರೆದು ಮುಚ್ಚುವುದನ್ನು ನೋಡಿ ಹಿಂದೆ ಸರಿದಳು.

ಎಳೆದವರಿಗೆಲ್ಲ ಪಾಲು ಅಂತೆ. ನಮ್ಮ ಕೈಗೂ ಏಳೆಂಟು ಬಂಗುಡೆ ಬಂದವು. ಪಾರಣೆಯ ಬೆಳಗ್ಗೆ ಲಿಂಗವಂತರ ಮನೆಯ ಮಗ ಕೈತುಂಬ ಮೀನು ಹಿಡಿದು ತಾಯಿಯ ಮುಂದೆ ನಿಂತಿದ್ದರು. ಬೇಡ ಅಂದರೆ ಕೊಟ್ಟವರಿಗೆ ಬೇಜಾರು. ಅತ್ತೆ ನಗು ತಡೆದುಕೊಂಡು ಬಾಯಿಯ ಮನೆ ಕಡೆ ಕೈ ತೋರಿಸಿದರು. ಬಾಯಿ ಆರು ತಗೊಂಡು, ಎರಡನ್ನು ಬೆಕ್ಕಿಗೆ ಹಾಕಿದರು. ಆ ಬೆಕ್ಕು ನಾವು ಹೊರಡುವವರೆಗೂ ಪುಟ್ಟನ ಕಾಲು ಬಿಡಲಿಲ್ಲ.

ಟೆಂಟ್ ಬಿಚ್ಚುವುದು ಕಟ್ಟಿದ್ದಕ್ಕಿಂತ ಕಷ್ಟ. ಬಂದಾಗ ಇದ್ದ ಚೀಲದಲ್ಲಿ ಅದು ವಾಪಸ್ ಹೋಗುವುದಿಲ್ಲ, ಯಾರಿಗೂ ಹೋಗುವುದಿಲ್ಲ ಅಂತ ಕಾಣುತ್ತದೆ. ನಮ್ಮದು ಅತ್ತೆಯ ಹಳೆ ಸೀರೆಯಲ್ಲಿ ಗಂಟು ಕಟ್ಟಿಕೊಂಡು ಬಂತು.

ವಾಪಸ್ ಬರುವಾಗ ಹೆದ್ದಾರಿ ಬಿಟ್ಟು ಕಡಲ ಪಕ್ಕದ ದಾರಿ ಹಿಡಿದೆವು, ಪುಟ್ಟನ ಹೊಟ್ಟೆಯ ಸಲುವಾಗಿ. ಇದರಲ್ಲೂ ತಿರುವು ಅಷ್ಟೇ ಇದ್ದವು. ದಾರಿಯಲ್ಲಿ ಕಾಬೋ ದ ರಾಮಾ ಕೋಟೆ. ವನವಾಸದಲ್ಲಿ ರಾಮ ಸೀತೆ ಇಲ್ಲಿದ್ದರು ಅನ್ನುವ ಐತಿಹ್ಯ ಇದೆ. ನನಗೆ ಅದಕ್ಕಿಂತ ಹಿಡಿಸಿದ್ದು ಬೇರೆ. ಈ ಕೋಟೆ ಪೋರ್ಚುಗೀಸರಿಗೆ ಸಿಕ್ಕಿದ್ದು 1763ರಲ್ಲಿ, ಅದಕ್ಕೆ ಮೊದಲು ಸೋದೆಯ ಅರಸರ ಕೈಯಲ್ಲಿತ್ತು. ಶಿರಸಿ ಹತ್ತಿರದ ಅದೇ ಸೋದೆ. ಹೈದರಾಲಿಯ ದಾಳಿಗೆ ರಾಜ್ಯ ಕಳೆದುಕೊಂಡ ಆ ಅರಸರು ಗೋವಾಕ್ಕೇ ಬಂದು ನೆಲೆಸಿದರು. ಕೋಟೆಯನ್ನು ಪೋರ್ಚುಗೀಸರು ಆಮೇಲೆ 1955ರವರೆಗೆ ಜೈಲಾಗಿ ಬಳಸಿದರು. ಈಗ ಒಳಗೆ ಒಂದು 'ಸಂತ ಆಂತೋನಿ' ಚಾಪೆಲ್, ಕೆಲವು ಹಳೆ ತೋಪು, ಒಣ ಹುಲ್ಲು. ಬತೇರಿಯ ಮೇಲೆ ತಡೆಗೋಡೆ ಎಲ್ಲ ಕಡೆ ಇಲ್ಲ, ಮಕ್ಕಳ ಕೈ ಬಿಡಬೇಡಿ. ಅಲ್ಲಿಂದ ಕೆಳಗೆ ನೋಡಿದರೆ ನೀರು ಎಷ್ಟು ತಿಳಿ ಅಂದರೆ ತಳದ ಬಂಡೆ ಕಾಣಿಸುತ್ತಿತ್ತು. ಅತ್ತೆ ಅದರಲ್ಲಿ ಆಮೆ ಹುಡುಕುತ್ತಿದ್ದರು. ನನಗೆ ಹೇಳಲಿಲ್ಲ, ಆದರೆ ಅದನ್ನೇ ಹುಡುಕುತ್ತಿದ್ದರು.

ಬೇತುಲ್ ಸೇತುವೆ, ಮಡಗಾಂವ್, ಬಿಸಿ ಚಹಾ. ವಾಸ್ಕೋ ಹತ್ತಿರ ಬಂದಾಗ ಕತ್ತಲಾಗಿತ್ತು. ಊರೊಳಗೆ ಗಾಡಿ ಬಿಡಲಿಲ್ಲ. ಮೆರವಣಿಗೆ ನಡೆದಿತ್ತು. ಕಾರು ಪಕ್ಕಕ್ಕೆ ಹಾಕಿ, ಜನರ ಹಿಂದೆ ಗಂಟು ಮೂಟೆ ಹೊತ್ತು ನಿಂತೆವು. ಕಿರೀಟ ಹಾಕಿಕೊಂಡ ಕಾರ್ನಿವಲ್ಲಿನ ರಾಜ, ಕಿಂಗ್ ಮೋಮೋ, ಹಾದು ಹೋದ, ಹಿಂದೆ ಮೀನಿನ ಆಕಾರದ ಗಾಡಿ, ದೋಣಿಯ ಆಕಾರದ ಗಾಡಿ. ಎಲ್ಲಕ್ಕೂ ಮಾಲೆ ದೀಪ. ಎದೆ ಅದುರುವ ಡ್ರಮ್. ಎರಡು ರಾತ್ರಿಯಿಂದ ಸರಿಯಾಗಿ ಮಲಗದ ಅತ್ತೆ ನಿಂತಲ್ಲೇ ಕಣ್ಣು ಮುಚ್ಚಿದ್ದರು. ಪುಟ್ಟ ಅಪ್ಪನ ಹೆಗಲ ಮೇಲಿಂದ ಒಂದು ಗಾಡಿಯ ದೀಪಗಳ ಕಡೆ ಬೆರಳು ಮಾಡಿ, ನನ್ನ ಕಿವಿಗೆ ಬಾಗಿ ಕೇಳಿದ.

"ಅಮ್ಮಾ, ಇಲ್ಲಿಂದ ಸಮುದ್ರ ಎಷ್ಟು ದೂರ?"